ಮೀನು ಹೊಂಡದ ನೀರಿನ ರಸಸಾರ

(ಬೆಳಗಾವಿಯ ಶಿವಬಸವ ನಗರದಲ್ಲಿ ಬೆಳಗಾವಿ ಮತ್ತು ಖಾನಾಪುರ ತಾಲೂಕುಗಳ ಮೀನು ಸಾಕುವ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣದ ಪಾಠ)



ಮೀನು ಬಿಟ್ಟಿರುವ ಹೊಂಡದ ನೀರನ್ನು ರೈತನೊಬ್ಬ ಮುಂಜಾನೆ ಆರು ಗಂಟೆಗೆ ಪರೀಕ್ಷಿಸುತ್ತಾನೆ ಎನ್ನೋಣ. ರಸಸಾರ 6.5 ಎಂದು ಬರುತ್ತದೆ. ನೀರು ಹುಳಿಯಾಯಿತೆಂದು ಬಗೆದು ಆತ ಸುಟ್ಟ ಸುಣ್ಣ ತರಲು ಪೇಟೆಗೆ ಹೊರಡುತ್ತಾನೆ. ಅದೇ ದಿನ ಮಧ್ಯಾಹ್ನ ನಾಲ್ಕಕ್ಕೆ ಅವನ ಮಗ ಅದೇ ದಂಡೆಯಲ್ಲಿ ನಿಂತು, ಅದೇ ಕಾಗದದಿಂದ ಪರೀಕ್ಷಿಸಿದರೆ 9.5 ಬರುತ್ತದೆ. ತಂದೆ ಸುಣ್ಣ ಹಾಕಬೇಕೆನ್ನುತ್ತಾನೆ, ಮಗ ಬೇಡವೆನ್ನುತ್ತಾನೆ. ಯಾರ ಅಳತೆ ತಪ್ಪು? ಇಬ್ಬರದೂ ತಪ್ಪಲ್ಲ. ಆದರೆ ತಂದೆ ಆ ಮುಂಜಾನೆಯೇ ಸುಟ್ಟ ಸುಣ್ಣ ಎರಚಿದ್ದರೆ ಸಂಜೆಯ ಹೊತ್ತಿಗೆ ಮೀನು ಮೇಲೆ ತೇಲುತ್ತಿದ್ದವು. ಮರಿಗೆ ಕೊಟ್ಟ ಹಣ, ಆರು ತಿಂಗಳ ಹಿಂಡಿ ತೌಡು, ಎಲ್ಲವೂ ಒಂದೇ ದಿನದಲ್ಲಿ ಹೋಗುತ್ತಿತ್ತು. ಹೀಗೆ ಒಂದೇ ನೀರು ಮುಂಜಾನೆ ಒಂದು, ಸಂಜೆ ಒಂದು ಲೆಕ್ಕ ತೋರಿಸುವುದೇಕೆ, ಅದನ್ನು ಏರಿಸುವುದು ಇಳಿಸುವುದು ಯಾವುದು ಎಂಬುದೇ ಈ ಹೊತ್ತಿನ ವಿಷಯ.

ಮೊದಲು ರಸಸಾರವೆಂದರೇನು ಎಂಬುದನ್ನು ನೋಡಬೇಕು. ಹುಣಸೆ, ಲಿಂಬೆ, ಮಜ್ಜಿಗೆ ಇವು ಆಮ್ಲ ಗುಣದವು. ಸುಣ್ಣ, ಬೂದಿ, ಸೌಳು ಮಣ್ಣು ಇವು ಕ್ಷಾರ ಗುಣದವು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಮನೆಯ ಹೆಣ್ಣುಮಕ್ಕಳೆಲ್ಲ ಬಲ್ಲರು. ಅದು ಕ್ಷಾರದ ಗುರುತು. ಬೆಲ್ಲ ಮಾಡುವವರು ಕಬ್ಬಿನ ಹಾಲಿಗೆ ಸುಣ್ಣದ ನೀರು ಬಿಡುವುದೂ ಹಾಲಿನ ಹುಳಿಯನ್ನು ತಗ್ಗಿಸುವುದಕ್ಕಾಗಿಯೇ. ಹುಳಿ ಎಷ್ಟು, ಕ್ಷಾರ ಎಷ್ಟು ಎಂಬುದನ್ನು ಅಂಕಿಯಲ್ಲಿ ಹೇಳುವ ಪದ್ಧತಿಯನ್ನು 1909ರಲ್ಲಿ ಡೆನ್ಮಾರ್ಕಿನ ಸೊರೆನ್ಸನ್ ಎಂಬ ವಿಜ್ಞಾನಿ ಕೋಪನ್‌ಹೇಗನ್ನಿನ ಬಿಯರ್ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಆರಂಭಿಸಿದನು. ಅದನ್ನೇ ಪಿಎಚ್ ಎಂದೂ ಕನ್ನಡದಲ್ಲಿ ರಸಸಾರವೆಂದೂ ಕರೆಯುತ್ತಾರೆ. 7 ಎಂದರೆ ಎರಡೂ ಅಲ್ಲದ ತಟಸ್ಥ ನೀರು. 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಈ ಅಂಕಿಗಳಲ್ಲಿ ಒಂದು ಮೋಸವಿದೆ. 7ರಿಂದ 6ಕ್ಕೆ ಇಳಿದರೆ ಹುಳಿ ಒಂದು ಪಾಲು ಹೆಚ್ಚಿತೆಂದಲ್ಲ, ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. 5ಕ್ಕೆ ಇಳಿದರೆ ನೂರು ಪಟ್ಟು. ಆದುದರಿಂದ ರಸಸಾರದಲ್ಲಿ ಅರ್ಧ ಅಂಕಿಯ ವ್ಯತ್ಯಾಸವನ್ನೂ ಹಗುರಾಗಿ ಎಣಿಸಕೂಡದು.

ಹೊಂಡದ ವಿಚಾರಕ್ಕೆ ಹೋಗುವ ಮುನ್ನ ಪಟ್ಟಣದ ಮನೆಯೊಂದರ ಗಾಜಿನ ತೊಟ್ಟಿಯನ್ನು ನೋಡುವುದು ಒಳ್ಳೆಯದು. ಹತ್ತು ಲಕ್ಷ ಲೀಟರ್ ನೀರಿನಲ್ಲಿ ಮರೆಯಾಗಿ ನಡೆಯುವುದು ಇನ್ನೂರು ಲೀಟರಿನ ತೊಟ್ಟಿಯಲ್ಲಿ ಕಣ್ಣೆದುರಿಗೇ ನಡೆಯುತ್ತದೆ. ಬಣ್ಣದ ಮೀನು ಸಾಕುವ ಹವ್ಯಾಸಿಗಳಲ್ಲಿ ಕೆಲವರು ಈಗ ಸಮುದ್ರದ ಮೀನು, ಹವಳದ ಜೀವಿಗಳನ್ನೂ ಉಪ್ಪು ಬೆರೆಸಿದ ನೀರಿನಲ್ಲಿ ಸಾಕುತ್ತಾರೆ. ಸಮುದ್ರದ ಮೇಲ್ಭಾಗದ ನೀರಿನ ರಸಸಾರ ಈಗ ಸುಮಾರು 8.1. ಹವಳಕ್ಕೆ ಬೇಕಾದುದೂ ಅದರ ಆಸುಪಾಸಿನದೇ. ಆದರೆ ಬೆಳಗಾವಿಯಂಥ ಊರಿನಲ್ಲಿ ಜುಲೈ ತಿಂಗಳ ಜಡಿಮಳೆ ಹಿಡಿದಾಗ, ಚಳಿಗಾಳಿಗೆ ಹೆದರಿ ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದಾಗ, ತೊಟ್ಟಿಯ ರಸಸಾರ 7.8ಕ್ಕೆ ಇಳಿದು ಅಲ್ಲಿಯೇ ನಿಲ್ಲುವುದುಂಟು. ತೊಟ್ಟಿಗೆ ಏನನ್ನೂ ಹಾಕಿರುವುದಿಲ್ಲ, ತೆಗೆದಿರುವುದೂ ಇಲ್ಲ. ಇಳಿಸಿದುದು ಮನೆಯ ಗಾಳಿ.

ಉಸಿರಾಡುವ ಪ್ರತಿಯೊಂದು ಜೀವಿಯೂ ಇಂಗಾಲದ ಡೈ ಆಕ್ಸೈಡು ಅನಿಲವನ್ನು ಹೊರಗೆ ಬಿಡುತ್ತದೆ. ಅಡಿಗೆಮನೆಯ ಗ್ಯಾಸ್ ಒಲೆಯೂ ಅದನ್ನೇ ಬಿಡುತ್ತದೆ. ಈ ಅನಿಲ ನೀರಿನಲ್ಲಿ ಕರಗಿದರೆ ಮಂದವಾದ ಆಮ್ಲವಾಗುತ್ತದೆ. ಗೋಲಿ ಸೋಡಾ ನಾಲಗೆಗೆ ಚುರುಕೆನ್ನುವುದು ಇದರಿಂದಲೇ. ಸೋಡಾ ತೆರೆದಿಟ್ಟರೆ ಅನಿಲ ಹಾರಿ ಸಪ್ಪೆಯಾಗುತ್ತದೆ, ಹುಳಿಯೂ ಹೋಗುತ್ತದೆ. ಬಯಲು ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷ ಭಾಗಕ್ಕೆ 420 ಭಾಗಕ್ಕಿಂತ ತುಸು ಹೆಚ್ಚಿದೆ. ನಾಲ್ಕಾರು ಜನ ಮಲಗಿದ ಮುಚ್ಚಿದ ಕೋಣೆಯಲ್ಲಿ ಅದು 1000 ಭಾಗವನ್ನು ದಾಟುವುದು ಸಾಮಾನ್ಯ. ಗಾಳಿಯಲ್ಲಿ ಅನಿಲ ಇಮ್ಮಡಿಯಾದರೆ, ನೀರು ಆ ಗಾಳಿಯೊಡನೆ ಹೊಂದಿಕೊಂಡ ಮೇಲೆ ರಸಸಾರ ಸುಮಾರು 0.3ರಷ್ಟು ಇಳಿಯುತ್ತದೆ. ಇದು ಗೊತ್ತಿಲ್ಲದ ಹವ್ಯಾಸಿ ಅಂಗಡಿಯಿಂದ ರಸಸಾರ ಏರಿಸುವ ಔಷಧದ ಶೀಶೆ ತಂದು ಸುರಿಯುತ್ತಾನೆ. ಆ ದಿನ ಏರುತ್ತದೆ, ಮರುದಿನ ಮತ್ತೆ ಇಳಿಯುತ್ತದೆ. ಗೊತ್ತಿದ್ದವನು ಕಿಟಕಿ ತೆಗೆಯುತ್ತಾನೆ, ಇಲ್ಲವೆ ತೊಟ್ಟಿಗೆ ಗಾಳಿ ಹಾಕುವ ಪಂಪಿನ ಕೊಳವೆಯನ್ನು ಹೊರಗಿನಿಂದ ಎಳೆದುಕೊಳ್ಳುತ್ತಾನೆ.

ಇದೇ ತೊಟ್ಟಿಯಲ್ಲಿ ಇನ್ನೆರಡು ಸಂಗತಿ ನಡೆಯುತ್ತವೆ. ದೀಪ ಹಚ್ಚಿರುವಾಗ ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಆ ಅನಿಲವನ್ನು ಹೀರಿ ಆಹಾರ ಮಾಡುವುದರಿಂದ ರಸಸಾರ ಏರುತ್ತದೆ, ದೀಪ ಆರಿಸಿದ ಮೇಲೆ ಇಳಿಯುತ್ತದೆ. ಎರಡನೆಯದಾಗಿ, ಹವಳವು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ತೆಗೆದುಕೊಂಡು ತನ್ನ ಕಲ್ಲಿನ ಗೂಡು ಕಟ್ಟುತ್ತದೆ. ಹೀಗೆ ಖರ್ಚಾದ ಸುಣ್ಣವನ್ನು ತುಂಬಿಕೊಡದಿದ್ದರೆ ನೀರು ದಿನದಿಂದ ದಿನಕ್ಕೆ ಬಡವಾಗಿ ರಸಸಾರ ತೂಗಾಡತೊಡಗುತ್ತದೆ. ತಿಳಿದವರು ರಾತ್ರಿಯ ಹೊತ್ತು ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುತ್ತಾರೆ. ಆ ತಿಳಿನೀರಿನ ರಸಸಾರ 12ಕ್ಕೂ ಮೇಲಿರುವುದರಿಂದ ಒಮ್ಮೆಗೇ ಸುರಿದರೆ ತೊಟ್ಟಿಯೇ ನಾಶ. (ಪ್ರಾಸಂಗಿಕವಾಗಿ ಒಂದು ಮಾತು. ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳವನ್ನಾಗಲಿ, ಈ ದೇಶದ ಬೇರಾವ ಸಮುದ್ರದ ಹವಳವನ್ನಾಗಲಿ ಕಿತ್ತು ತರುವುದು ಅಪರಾಧ. ತಂದುಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬಾರದು.)

ಗಾಳಿ, ಬೆಳಕು, ಕರಗಿದ ಸುಣ್ಣ. ಗಾಜಿನ ತೊಟ್ಟಿಯನ್ನು ಆಡಿಸುವ ಈ ಮೂರೇ ಖಾನಾಪುರದ ಹೊಂಡವನ್ನೂ ಆಡಿಸುತ್ತವೆ. ಹೊಂಡದಲ್ಲಿ ಗಾಳಿಯ ಪಾತ್ರ ಕಡಿಮೆ, ಬಯಲಿಗೆ ಕಿಟಕಿಯ ತೊಂದರೆ ಇಲ್ಲ. ಬೆಳಕು ಮತ್ತು ಸುಣ್ಣದ ಪಾತ್ರ ಬಹಳ ದೊಡ್ಡದು.

ಹಸಿರು ತಿರುಗಿದ ಹೊಂಡದ ನೀರಿನಲ್ಲಿ ಕಣ್ಣಿಗೆ ಕಾಣದ ಕೋಟಿ ಕೋಟಿ ಪಾಚಿಯ ಕಣಗಳಿರುತ್ತವೆ. ಇವೇ ಮೀನಿನ ಮೇವಿನ ಮೂಲ. ಹೊತ್ತು ಏರಿದಂತೆ ಅವು ನೀರಿನಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತವೆ. ಆಮ್ಲ ಕಡಿಮೆಯಾಗಿ ರಸಸಾರ ಏರುತ್ತ ಹೋಗುತ್ತದೆ, ಮಧ್ಯಾಹ್ನ ಮೂರು ನಾಲ್ಕರ ಸುಮಾರಿಗೆ ತುದಿ ಮುಟ್ಟುತ್ತದೆ. ಕತ್ತಲಾದ ಮೇಲೆ ಹೀರುವ ಕೆಲಸ ನಿಲ್ಲುತ್ತದೆ. ಪಾಚಿ, ಮೀನು, ತಳದ ಕೆಸರಿನ ಸೂಕ್ಷ್ಮಜೀವಿಗಳು ರಾತ್ರಿಯಿಡೀ ಉಸಿರಾಡಿ ಅನಿಲವನ್ನು ಬಿಡುತ್ತವೆ. ಸೂರ್ಯೋದಯಕ್ಕೆ ಮುಂಚೆ ರಸಸಾರ ಅತಿ ಕೆಳಗೆ ಇಳಿದಿರುತ್ತದೆ. ಆಮ್ಲಜನಕವೂ ಅದೇ ಹೊತ್ತಿಗೆ ಅತಿ ಕಡಿಮೆ. ಮೀನು ಬೆಳಗಿನ ಜಾವದಲ್ಲಿ ಬಾಯಿ ಮೇಲೆತ್ತಿ ಗಾಳಿ ನುಂಗುವುದು ಇದರಿಂದಲೇ.

ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ ಈ ಮೀನುಗಳಿಗೆ 7.5ರಿಂದ 8.5ರವರೆಗಿನ ನೀರು ಅತ್ಯಂತ ಹಿತಕರ. ಮುಂಜಾನೆಯ ಅಳತೆ 6.5ರಿಂದ 9ರ ನಡುವೆ ಇದ್ದರೂ ನಡೆಯುತ್ತದೆ. 6ರ ಕೆಳಗೆ ಬೆಳವಣಿಗೆ ಕುಂಠಿತ, 4ಕ್ಕೆ ಇಳಿದರೆ ಸಾವು. ಮೇಲ್ತುದಿಯಲ್ಲಿ 11 ಮುಟ್ಟಿದರೂ ಸಾವೇ. ಮಧ್ಯಾಹ್ನ ಒಂದೆರಡು ತಾಸು 9ಕ್ಕೆ ಏರಿ ಇಳಿದರೆ ಗಾಬರಿಯಾಗಬೇಕಾಗಿಲ್ಲ. ಆದರೆ ಒಂದೇ ದಿನದಲ್ಲಿ 6.5ರಿಂದ 9.5ರವರೆಗೆ ತೂಗಾಡುವ ನೀರಿನಲ್ಲಿ ಮೀನು ಸುಖವಾಗಿರುವುದಿಲ್ಲ. ಹುಳಿಯ ಲೆಕ್ಕದಲ್ಲಿ ಅದು ಸಾವಿರ ಪಟ್ಟಿನ ಏರಿಳಿತ. ಮೀನು ಸಾಯದೆ ಇರಬಹುದು, ತಿಂದದ್ದು ಮೈಗೆ ಹತ್ತುವುದಿಲ್ಲ. ಹಿಂಡಿಯ ಖರ್ಚು ನೋಡಿಕೊಳ್ಳುವ ರೈತನಿಗೆ ಇದೂ ಒಂದು ಬಗೆಯ ನಷ್ಟವೇ.

ಇಷ್ಟೇ ಬಿಸಿಲು, ಇಷ್ಟೇ ಪಾಚಿ ಇದ್ದರೂ ಒಂದು ಹೊಂಡ 7.5 ಮತ್ತು 8.5ರ ನಡುವೆ ತಣ್ಣಗೆ ಇರುತ್ತದೆ, ಪಕ್ಕದ ಊರಿನ ಹೊಂಡ ತೂಗಾಡುತ್ತದೆ. ಇದಕ್ಕೆ ಕಾರಣ ನೀರಿನ ಒಟ್ಟು ಕ್ಷಾರತೆ. ಹೆಸರು ಕೇಳಿ ಇದನ್ನೂ ರಸಸಾರವನ್ನೂ ಒಂದೇ ಎಂದು ತಿಳಿಯಕೂಡದು. ರಸಸಾರವೆಂದರೆ ಈ ಹೊತ್ತು ಕೈಯಲ್ಲಿರುವ ಚಿಲ್ಲರೆ. ಒಟ್ಟು ಕ್ಷಾರತೆಯೆಂದರೆ ಪೆಟ್ಟಿಗೆಯಲ್ಲಿರುವ ಗಂಟು. ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು, ಕಾರ್ಬೊನೇಟುಗಳೇ ಆ ಗಂಟು. ರಾತ್ರಿ ಅನಿಲ ಹೆಚ್ಚಾದಾಗಲೂ ಹಗಲು ಕಡಿಮೆಯಾದಾಗಲೂ ಹೊಡೆತವನ್ನು ಅದು ತಾನು ತಿಂದು ರಸಸಾರವನ್ನು ಹಿಡಿದು ನಿಲ್ಲಿಸುತ್ತದೆ. ಇದನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಸುಣ್ಣದ ಕಲ್ಲಿನ ಲೆಕ್ಕದಲ್ಲಿ ಹೇಳುತ್ತಾರೆ. 20 ಮಿಲಿಗ್ರಾಮಿಗೆ ಕಡಿಮೆಯಿದ್ದರೆ ನೀರು ಬಡ ನೀರು. 50ರಿಂದ 150 ಇದ್ದರೆ ಒಳ್ಳೆಯ ನೀರು. ಬಡ ನೀರಿಗೆ ಸಗಣಿ ಗೊಬ್ಬರ ಎಷ್ಟು ಹಾಕಿದರೂ ಹಸಿರು ಸರಿಯಾಗಿ ಹತ್ತುವುದಿಲ್ಲ. ಹುಳಿ ಕೆಸರು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಚಿಗೆ ಇಂಗಾಲವೂ ಸಾಲದು. ನೀರು ಕನ್ನಡಿಯಂತೆ ತಿಳಿಯಾಗಿದೆಯೆಂದು ಹೆಮ್ಮೆಪಡುವವರಿದ್ದಾರೆ. ಕುಡಿಯಲು ಅದು ಚೆನ್ನ, ಮೀನಿಗೆ ಅಲ್ಲಿ ಉಪವಾಸ.

ಗಂಟು ನೀರಿಗೆ ಬರುವುದು ಮಣ್ಣಿನಿಂದ. ಮಳೆಯ ನೀರಿಗೆ ತನ್ನದೇ ಗಂಟೆಂಬುದು ಇಲ್ಲ. ಶುದ್ಧ ಮಳೆನೀರು ಕೂಡ ಗಾಳಿಯ ಅನಿಲವನ್ನು ಕರಗಿಸಿಕೊಂಡು 5.6ರ ಸುಮಾರಿನ ರಸಸಾರದಲ್ಲಿ ಬೀಳುತ್ತದೆ. ಖಾನಾಪುರ ತಾಲೂಕಿನ ಪಡುವಣ ಭಾಗ ಸಹ್ಯಾದ್ರಿಯ ಮಡಿಲು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಸುರಿಯುವ ಮಳೆಯನ್ನು ಕಂಡವರೇ ಬಲ್ಲರು. ಸಾವಿರಾರು ವರ್ಷ ಹೀಗೆ ಮಳೆ ಹೊಡೆದು ಅಲ್ಲಿಯ ಜಂಬಿಟ್ಟಿಗೆ ಮಣ್ಣಿನಲ್ಲಿದ್ದ ಸುಣ್ಣವೆಲ್ಲ ತೊಳೆದುಹೋಗಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ ಹೆಚ್ಚಾಗಿರುವ ಹುಳಿ ಮಣ್ಣು. ಬೆಳಗಾವಿಯಿಂದ ಮೂಡಣಕ್ಕೆ ಹೋಗಿ ಬೈಲಹೊಂಗಲ, ಸವದತ್ತಿಗಳ ಎರೆಹೊಲಗಳನ್ನು ಅಗೆದರೆ ಸುಣ್ಣದ ಬಿಳಿ ಹರಳುಗಳೇ ಸಿಕ್ಕುತ್ತವೆ. ಅಲ್ಲಿಯ ಹೊಂಡದ ನೀರಿಗೆ ಗಂಟಿನ ಕೊರತೆ ಇಲ್ಲ, ಸುಣ್ಣ ಹಾಕುವ ಅಗತ್ಯವೂ ಸಾಮಾನ್ಯವಾಗಿ ಬೀಳದು. ಆದುದರಿಂದ ಸವದತ್ತಿಯ ಬೀಗರು ಹೇಳಿದರೆಂದು ಖಾನಾಪುರದವರು ಸುಣ್ಣ ಬಿಡುವುದೂ, ಖಾನಾಪುರದವರು ಹಾಕಿದರೆಂದು ಸವದತ್ತಿಯವರು ಹಾಕುವುದೂ ಎರಡೂ ಅವಿವೇಕವೇ.

ಈಗ ಇದಕ್ಕೆ ಹೊಸದೊಂದು ತೊಡಕು ಸೇರಿದೆ. 2014ರಲ್ಲಿ ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳು ಊರೂರಿಗೆ ಬಂದವು. ನೀರು ಇಂಗದು, ಹೇಗೂ ನಿಂತಿರುವ ನೀರಿಗೆ ನಾಲ್ಕು ಮೀನು ಬಿಡೋಣವೆಂದು ರೈತರು ಯೋಚಿಸುವುದು ಸಹಜ, ಯೋಚನೆಯೂ ಒಳ್ಳೆಯದೇ. ಆದರೆ ಹಾಳೆಯ ಹೊಂಡದಲ್ಲಿ ನೀರಿಗೂ ಮಣ್ಣಿಗೂ ಸಂಬಂಧ ಕಡಿದುಹೋಗಿರುತ್ತದೆ. ಎರೆಭೂಮಿಯಲ್ಲಿ ತೋಡಿದ ಹೊಂಡವಾದರೂ, ಅದರಲ್ಲಿ ತುಂಬಿರುವುದು ಬರೀ ಮಳೆನೀರಾದರೆ, ಅದು ಕಣಕುಂಬಿಯ ಹೊಂಡದಷ್ಟೇ ಬಡವ. ಇದರ ಮೇಲೆ ಮೀನಿಗೆ ಹಾಕುವ ಹಿಂಡಿಯೂ ಗಂಟನ್ನು ಕರಗಿಸುತ್ತದೆ. ಮೇವು ಮೀನಿನ ಹೊಟ್ಟೆ ಸೇರಿ ಅಮೋನಿಯಾ ಆಗಿ ಹೊರಬರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. ಹೀಗೆ 1 ಗ್ರಾಂ ಅಮೋನಿಯಾ ಸಾರಜನಕ ಮಾರ್ಪಡಲು ಸುಮಾರು 7 ಗ್ರಾಂ ಸುಣ್ಣದ ಕಲ್ಲಿನಷ್ಟು ಕ್ಷಾರತೆ ವೆಚ್ಚವಾಗುತ್ತದೆ. ಮಣ್ಣಿನ ಹೊಂಡವಾದರೆ ಮಣ್ಣು ಅಷ್ಟಿಷ್ಟು ತುಂಬಿಕೊಡುತ್ತದೆ. ಹಾಳೆ ಏನನ್ನೂ ಕೊಡುವುದಿಲ್ಲ. ಮೊದಲ ಮೂರು ತಿಂಗಳು ಚೆನ್ನಾಗಿದ್ದ ಮೀನು ಆಮೇಲೆ ಏಕೆ ಸೊರಗಿತು ಎಂದು ಕೇಳುವವರು ಈ ಲೆಕ್ಕವನ್ನು ನೋಡಬೇಕು.

ಕೊಳವೆ ಬಾವಿಯ ನೀರು ತುಂಬಿದ ಹೊಂಡದ ಕತೆ ಬೇರೆ. ನೆಲದೊಳಗಿನ ಕಲ್ಲು ಮಣ್ಣುಗಳ ನಡುವೆ ಬಹುಕಾಲ ಇದ್ದುದರಿಂದ ಆ ನೀರಿಗೆ ಸಾಮಾನ್ಯವಾಗಿ ಗಂಟು ಚೆನ್ನಾಗಿರುತ್ತದೆ. ಆದರೆ ಅದರಲ್ಲಿ ಇಂಗಾಲದ ಡೈ ಆಕ್ಸೈಡು ತುಂಬಿರುತ್ತದೆ, ಆಮ್ಲಜನಕ ಬಹಳ ಕಡಿಮೆ. ಆಗತಾನೆ ಎತ್ತಿದ ನೀರನ್ನು ಅಳೆದರೆ 6.8 ತೋರಿಸಿ, ಒಂದು ದಿನ ಅಗಲವಾದ ಪಾತ್ರೆಯಲ್ಲಿಟ್ಟು ಅಳೆದರೆ 8 ತೋರಿಸುವುದುಂಟು. ಅನಿಲ ಹಾರಿಹೋದುದೇ ಕಾರಣ, ಸುಣ್ಣ ಹಾಕುವ ಅವಶ್ಯಕತೆಯಿಲ್ಲ. ಇಂತಹ ನೀರನ್ನು ಕಲ್ಲಿನ ಮೇಲೆ ಬೀಳುವಂತೆ, ಚಿಮ್ಮುವಂತೆ ಬಿಟ್ಟು ಹೊಂಡಕ್ಕೆ ಸೇರಿಸಿದರೆ ಅನಿಲವೂ ಹೋಗುತ್ತದೆ, ಆಮ್ಲಜನಕವೂ ಸೇರುತ್ತದೆ. ಹೊಸದಾಗಿ ಕಟ್ಟಿದ ಸಿಮೆಂಟ್ ತೊಟ್ಟಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಸಿಮೆಂಟಿನಿಂದ ಸುಣ್ಣ ಬಿಡುತ್ತಲೇ ಇದ್ದು ನೀರು 10ನ್ನು ದಾಟುತ್ತದೆ. ಎರಡು ಮೂರು ವಾರ ನೀರು ತುಂಬುವುದು, ಖಾಲಿ ಮಾಡುವುದು, ಮತ್ತೆ ತುಂಬುವುದು ಹೀಗೆ ಮಾಡಿ, ಅಳತೆ 8.5ಕ್ಕೆ ಇಳಿದ ಮೇಲೆಯೇ ಮರಿ ಬಿಡಬೇಕು.

ರಸಸಾರ ಮೇಲೇರಿದಾಗ ಮೀನಿಗೆ ಆಗುವ ಕೇಡಿನಲ್ಲಿ ಅಮೋನಿಯಾದ ಪಾಲು ದೊಡ್ಡದು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ರೂಪ ಬಹುಮಟ್ಟಿಗೆ ನಿರುಪದ್ರವಿ, ಇನ್ನೊಂದು ಕಿವಿರನ್ನು ಸುಡುವ ವಿಷ. ಎಷ್ಟು ಭಾಗ ವಿಷವಾಗಬೇಕೆಂಬುದನ್ನು ರಸಸಾರವೇ ಗೊತ್ತುಮಾಡುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 7ರಲ್ಲಿ ಶೇಕಡಾ ಒಂದಕ್ಕೂ ಕಡಿಮೆ, 8ರಲ್ಲಿ ಶೇಕಡಾ 5ರ ಸುಮಾರು, 9ರಲ್ಲಿ ಶೇಕಡಾ 36ರಷ್ಟು ಅಮೋನಿಯಾ ವಿಷರೂಪದಲ್ಲಿರುತ್ತದೆ. ಮುಂಜಾನೆ ಏನೂ ಮಾಡದ ಅಮೋನಿಯಾ ಮಧ್ಯಾಹ್ನ ಕೊಲ್ಲುವುದು ಹೀಗೆ. ಹಾಗಾಗಿ ನೀರು 9 ದಾಟುವ ಹೊಂಡದಲ್ಲಿ ಯೂರಿಯಾ ಎರಚುವುದು ಮೀನಿಗೆ ಕೈಯಾರೆ ವಿಷವಿಟ್ಟಂತೆ. ಮೇವನ್ನೂ ಆ ದಿನಗಳಲ್ಲಿ ಅರ್ಧಕ್ಕೆ ಇಳಿಸಬೇಕು. ಮೊಣಕೈವರೆಗೆ ತೋಳನ್ನು ನೀರಿನಲ್ಲಿ ಇಳಿಸಿದಾಗ ಅಂಗೈ ಕಾಣದಷ್ಟು ಹಸಿರು ದಟ್ಟವಾಗಿದ್ದರೆ ಗೊಬ್ಬರ ನಿಲ್ಲಿಸಿ, ಸಾಧ್ಯವಿದ್ದರೆ ಒಂದಷ್ಟು ನೀರು ತೆಗೆದು ಹೊಸ ನೀರು ಬಿಡುವುದು ಲೇಸು. ಹುಣಸೆ ನೀರು, ಆಸಿಡ್ ಮುಂತಾದುವನ್ನು ಸುರಿದು ರಸಸಾರ ಇಳಿಸುವ ಪ್ರಯತ್ನ ಕೂಡದು. ಅವು ಇದ್ದ ಗಂಟನ್ನೂ ತಿಂದುಹಾಕುತ್ತವೆ, ನಾಳೆ ಬಿಸಿಲಿಗೆ ರಸಸಾರ ಮತ್ತಷ್ಟು ಏರುತ್ತದೆ.

ಇನ್ನು ಸುಣ್ಣದ ವಿಚಾರ. ಸುಣ್ಣವೆಂಬ ಒಂದೇ ಹೆಸರಿನಲ್ಲಿ ಮೂರು ಸರಕು ಮಾರಾಟವಾಗುತ್ತವೆ. ಸುಣ್ಣದ ಕಲ್ಲಿನ ಪುಡಿ, ಅಂದರೆ ಕೃಷಿ ಸುಣ್ಣ. ಅದನ್ನು ಸುಟ್ಟದ್ದು ಸುಟ್ಟ ಸುಣ್ಣ. ಸುಟ್ಟದ್ದಕ್ಕೆ ನೀರು ಹಾಕಿದರೆ ಅರಳಿದ ಸುಣ್ಣ. ಹುಳಿ ಮುರಿಯುವ ಶಕ್ತಿ ಕಲ್ಲಿನ ಪುಡಿಗೆ 100 ಎಂದರೆ ಅರಳಿದ ಸುಣ್ಣಕ್ಕೆ ಸುಮಾರು 135, ಸುಟ್ಟ ಸುಣ್ಣಕ್ಕೆ ಸುಮಾರು 179. ಶಕ್ತಿ ಹೆಚ್ಚೆಂದು ಸುಟ್ಟ ಸುಣ್ಣವನ್ನೇ ಮೆಚ್ಚುವುದು ಸಲ್ಲದು. ಮೀನಿರುವ ನೀರಿಗೆ ಅದನ್ನು ಹಾಕಿದರೆ ರಸಸಾರ ಒಮ್ಮೆಲೇ ನೆಗೆಯುತ್ತದೆ. ಖಾಲಿ ಮಾಡಿ ಒಣಗಿಸಿದ ಹೊಂಡದ ತಳಕ್ಕೆ, ರೋಗಾಣು ಮತ್ತು ಕಳೆಮೀನಿನ ನಾಶಕ್ಕೆ ಅದು ಒಳ್ಳೆಯದು. ಹಾಕಿದ ಮೇಲೆ ಎರಡು ವಾರ ಕಳೆದು, ನೀರು ಪರೀಕ್ಷಿಸಿಯೇ ಮರಿ ಬಿಡಬೇಕು.

ಕಲ್ಲಿನ ಪುಡಿಯ ಗುಣ ವಿಚಿತ್ರವಾದುದು. ಹುಳಿ ಇದ್ದಷ್ಟೂ ಚೆನ್ನಾಗಿ ಕರಗುತ್ತದೆ, ರಸಸಾರ 8.3ರ ಸುಮಾರಿಗೆ ಬಂತೆಂದರೆ ಕರಗುವುದನ್ನೇ ನಿಲ್ಲಿಸುತ್ತದೆ. ಕೈ ತಪ್ಪಿ ಹೆಚ್ಚು ಬಿದ್ದರೂ ಮೀನನ್ನು ಕೊಲ್ಲುವುದಿಲ್ಲ, ತಳದಲ್ಲಿ ಕುಳಿತಿದ್ದು ಬೇಕಾದಾಗ ಕರಗುತ್ತದೆ. ಇನ್ನೂ ಒಂದು ಮಾತು ಕೇಳಿದವರಿಗೆ ನಂಬಿಕೆ ಬರುವುದು ಕಷ್ಟ. ಬಡ ನೀರಿನ ಹೊಂಡಕ್ಕೆ ಇದನ್ನು ಹಾಕಿದಾಗ ಮುಂಜಾನೆಯ ಅಳತೆ ಏರುತ್ತದೆ, ಮಧ್ಯಾಹ್ನದ ಅಳತೆ ಇಳಿಯುತ್ತದೆ. ಗಂಟು ಬಲವಾದುದರಿಂದ ತೂಗಾಟವೇ ತಗ್ಗುತ್ತದೆ. ಮೊದಲು ಹೇಳಿದ ತಂದೆ ಮಗನ ಹೊಂಡಕ್ಕೆ ಬೇಕಾದುದು ಈ ಸುಣ್ಣವೇ.

ಪ್ರಮಾಣವನ್ನು ಹೊಂಡದ ತಳದ ಮಣ್ಣಿನ ರಸಸಾರದ ಮೇಲೆ ನಿರ್ಧರಿಸುವುದು ವಾಡಿಕೆ. ಮಣ್ಣು 5ಕ್ಕಿಂತ ಕಡಿಮೆಯಿದ್ದರೆ ಹೆಕ್ಟೇರಿಗೆ 2000 ಕಿಲೋ, ಅಂದರೆ ಗುಂಟೆಗೆ 20 ಕಿಲೋ. 5ರಿಂದ 6.5 ಇದ್ದರೆ ಗುಂಟೆಗೆ 10 ಕಿಲೋ, 6.5ರಿಂದ 7.5 ಇದ್ದರೆ 5 ಕಿಲೋ. ಅದಕ್ಕೆ ಮೇಲೆ ಗುಂಟೆಗೆ 2 ಕಿಲೋ ಸಾಕು, 8.5 ದಾಟಿದರೆ ಬೇಡವೇ ಬೇಡ. ಮರಿ ಬಿಡುವ ಮೊದಲು ತಳಕ್ಕೆ ಸಮನಾಗಿ ಎರಚಬೇಕು. ನೀರು ತುಂಬಿದ ಹೊಂಡವಾದರೆ ಮಧ್ಯದವರೆಗೂ ತಲುಪುವಂತೆ ತೆಪ್ಪದ ಮೇಲಿಂದ ಎರಚಬೇಕು. ದಂಡೆಯಲ್ಲಿ ಒಂದೇ ಕಡೆ ರಾಶಿ ಸುರಿದು ಬಂದರೆ ಏನೂ ಪ್ರಯೋಜನವಿಲ್ಲ.

ಹಾಳೆಯ ಹೊಂಡದಲ್ಲಿ ತಳದ ಮಣ್ಣೇ ಇಲ್ಲ. ಅಲ್ಲಿ ನೀರಿನ ಲೆಕ್ಕ ಹಿಡಿಯಬೇಕು. ಮೇಲ್ಗಡೆ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳವಿದ್ದು ದಡ ಇಳಿಜಾರಾಗಿರುವ ಹೊಂಡ ತುಂಬಿದಾಗ ಸುಮಾರು ಹತ್ತು ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಹತ್ತು ಲಕ್ಷ ಲೀಟರಿಗೆ 1 ಕಿಲೋ ಕಲ್ಲಿನ ಪುಡಿ ಪೂರ್ತಿ ಕರಗಿದರೆ ಒಟ್ಟು ಕ್ಷಾರತೆ ಲೀಟರಿಗೆ 1 ಮಿಲಿಗ್ರಾಂ ಏರುತ್ತದೆ. 20 ಇರುವುದನ್ನು 60ಕ್ಕೆ ಏರಿಸಲು 40 ಕಿಲೋ ಬೇಕಾಯಿತು. ಇದನ್ನು ಒಂದೇ ದಿನ ಹಾಕದೆ ಮೂರು ನಾಲ್ಕು ಕಂತಿನಲ್ಲಿ ಹಾಕಿ ನಡುನಡುವೆ ಪರೀಕ್ಷಿಸುವುದು ಜಾಣತನ. ಪುಡಿ ಹಿಟ್ಟಿನಷ್ಟು ನುಣ್ಣಗಿರಬೇಕು, ರವೆಯಂತಿದ್ದರೆ ಕರಗಲು ತಿಂಗಳುಗಳೇ ಬೇಕು.

ಸುಣ್ಣವನ್ನೂ ಸೂಪರ್ ಫಾಸ್ಫೇಟನ್ನೂ ಒಟ್ಟಿಗೆ ಹಾಕಕೂಡದು. ರಂಜಕ ಸುಣ್ಣದೊಡನೆ ಗಟ್ಟಿಯಾಗಿ ತಳ ಸೇರುತ್ತದೆ, ದುಡ್ಡು ಕೆಸರಿಗೆ ಹೋಗುತ್ತದೆ. ಸುಣ್ಣದೊಡನೆ ಯೂರಿಯಾ, ಅಮೋನಿಯಂ ಸಲ್ಫೇಟುಗಳೂ ಬೇಡ, ಅವು ಅಮೋನಿಯಾ ಆಗಿ ಹಾರುತ್ತವೆ, ಮೀನಿಗೂ ಕೇಡು. ಸುಣ್ಣ ಹಾಕಿ ಒಂದು ವಾರವಾದರೂ ಕಳೆದ ಮೇಲೆ ಸಗಣಿ ಮತ್ತು ಇತರ ಗೊಬ್ಬರ.

ಮುಂಗಾರಿನ ಮೊದಲ ದೊಡ್ಡ ಮಳೆಗಳಲ್ಲಿ ಎಚ್ಚರ ಬೇಕು. ಗುಡ್ಡದ ಕೆಂಪು ನೀರು ಒಮ್ಮೆಲೇ ಹೊಂಡಕ್ಕೆ ನುಗ್ಗಿದರೆ ರಸಸಾರ ದಿಢೀರನೆ ಇಳಿಯುತ್ತದೆ, ಮೋಡ ಕವಿದು ಪಾಚಿಯೂ ಕೆಲಸ ನಿಲ್ಲಿಸಿರುತ್ತದೆ. ಹೊಂಡದ ಮೇಲ್ಭಾಗದಲ್ಲಿ ಒಂದು ಬದು ಹಾಕಿ, ಹರಿದು ಬರುವ ನೀರನ್ನು ಬದಿಗೆ ತಿರುಗಿಸುವುದು ಸುಣ್ಣಕ್ಕಿಂತ ಅಗ್ಗದ ಉಪಾಯ.

ಮರಿ ತರುವಾಗಲೂ ಇದೇ ರಸಸಾರ ಕಾಡುತ್ತದೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕೈದು ತಾಸು ಬಂದ ಮರಿಗಳು ಉಸಿರು ಬಿಟ್ಟು ಬಿಟ್ಟು ಚೀಲದ ನೀರು ಹುಳಿಯಾಗಿರುತ್ತದೆ. ಅಮೋನಿಯಾವೂ ಸೇರಿರುತ್ತದೆ. ಅಂತಹ ಮರಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ, 9 ದಾಟಿದ ಹೊಂಡಕ್ಕೆ ಸುರಿದರೆ ಬದುಕುವುದು ಎಷ್ಟು? ಮುಂಜಾನೆ ಬಿಡಬೇಕು. ಚೀಲವನ್ನು ಕಟ್ಟಿದಂತೆಯೇ ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಬಿಟ್ಟು, ಬಾಯಿ ಬಿಚ್ಚಿ, ಹೊಂಡದ ನೀರನ್ನು ಬೊಗಸೆ ಬೊಗಸೆಯಾಗಿ ಸೇರಿಸಿ, ಮರಿಗಳು ತಾವಾಗಿ ಈಜಿ ಹೋಗುವಂತೆ ಚೀಲವನ್ನು ಓರೆ ಮಾಡಬೇಕು. ಮರಿ ಚೆನ್ನಾಗಿರಲಿಲ್ಲವೆಂದು ಕೊಟ್ಟವರ ಮೇಲೆ ಜಗಳಕ್ಕೆ ಹೋಗುವ ಎಷ್ಟೋ ಪ್ರಸಂಗಗಳ ಮೂಲ ಇಲ್ಲಿರುತ್ತದೆ.

ಅಳತೆಯ ಕ್ರಮ ಸರಳ. ಸೂರ್ಯೋದಯಕ್ಕೆ ಮುಂಚೆ ಒಮ್ಮೆ, ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಒಮ್ಮೆ, ಒಂದೇ ಜಾಗದಲ್ಲಿ, ಮೊಣಕೈ ಆಳದ ನೀರು ತೆಗೆದು ನೋಡಬೇಕು. ಎರಡರ ವ್ಯತ್ಯಾಸ ಒಂದು ಅಂಕಿಯೊಳಗೆ ಇದ್ದರೆ ಹೊಂಡ ನೆಮ್ಮದಿಯಾಗಿದೆ. ಎರಡು ಅಂಕಿ ಮೀರಿದರೆ ಒಟ್ಟು ಕ್ಷಾರತೆಯನ್ನು ಪರೀಕ್ಷಿಸದೆ ಬಿಡಕೂಡದು. ಬಣ್ಣದ ಕಾಗದ ದಿನದ ಬಳಕೆಗೆ ಸಾಕು, ತೇವ ತಾಗದಂತೆ ಡಬ್ಬಿಯಲ್ಲಿಡಬೇಕು. ಕೈಯಲ್ಲಿ ಹಿಡಿಯುವ ಮೀಟರ್ ಕೊಂಡವರು ಅದನ್ನು ಗೊತ್ತಾದ ರಸಸಾರದ ದ್ರಾವಣಗಳಲ್ಲಿ, ಅಂದರೆ 4, 7 ಮತ್ತು 9.2ರಲ್ಲಿ, ಆಗಾಗ ಅದ್ದಿ ಸರಿಮಾಡಿಕೊಳ್ಳದಿದ್ದರೆ ಅದು ಸುಳ್ಳು ಹೇಳುತ್ತದೆ. ಒಟ್ಟು ಕ್ಷಾರತೆಯನ್ನು ಹನಿ ಎಣಿಸುವ ಕಿಟ್ಟಿನಿಂದ ದಂಡೆಯಲ್ಲಿಯೇ ನೋಡಬಹುದು. ಅದಿಲ್ಲದವರು ಮೀನುಗಾರಿಕೆ ಇಲಾಖೆಯಲ್ಲಾಗಲಿ, ಜಿಲ್ಲೆಯ ಮತ್ತಿಕೊಪ್ಪ, ತುಕ್ಕಾನಟ್ಟಿಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಾಗಲಿ ವಿಚಾರಿಸಬಹುದು.

ಪರೀಕ್ಷೆಗೆ ನೀರು ಒಯ್ಯುವವರು ಒಂದು ಲೀಟರಿನ ಸ್ವಚ್ಛವಾದ ಬಾಟಲಿಯನ್ನು ಅದೇ ಹೊಂಡದ ನೀರಿನಲ್ಲಿ ಮೂರು ಸಲ ತೊಳೆದು, ನೀರಿನೊಳಗೆ ಮುಳುಗಿಸಿಯೇ ತುಂಬಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೀರಿನೊಳಗೇ ಮುಚ್ಚಳ ಹಾಕಬೇಕು. ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ಅಂದೇ ತಲುಪಿಸಬೇಕು. ತಲುಪುವಷ್ಟರಲ್ಲಿ ರಸಸಾರ ತುಸು ಬದಲಾಗಬಹುದು, ಒಟ್ಟು ಕ್ಷಾರತೆ ಅಷ್ಟು ಬೇಗ ಕೆಡುವುದಿಲ್ಲ. ಆದುದರಿಂದ ದಂಡೆಯಲ್ಲಿ ನೋಡಿದ ರಸಸಾರವನ್ನೂ, ಹೊಂಡ ಮಣ್ಣಿನದೋ ಹಾಳೆಯದೋ ಎಂಬುದನ್ನೂ, ತುಂಬಿದ ನೀರು ಮಳೆಯದೋ ಕೊಳವೆ ಬಾವಿಯದೋ ಎಂಬುದನ್ನೂ ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಬೇಕು. ನೀರು ತೆಗೆದ ಗಂಟೆಯನ್ನು ಬರೆಯಲು ಮರೆಯಬಾರದು.